ಕುಡಿಯುವ ನೀರಿನಲ್ಲಿ ರಾಸಾಯನಿಕಗಳ ಸಾರತೆ: ಲೆಕ್ಕ ಹಾಕುವ ಕ್ರಮ ಮತ್ತು ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಜಿಲ್ಲೆಯಾಗಿದೆ. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತಿದ್ದರೂ, ನದಿಯಿಂದ ದೂರದ ಗ್ರಾಮಗಳು ಬಹುಕಾಲ ಕೆರೆ, ತೆರೆದ ಬಾವಿ ಹಾಗೂ ಕೊಳವೆ ಬಾವಿಗಳನ್ನೇ ಅವಲಂಬಿಸಿದ್ದವು. ಗದಗ, ಮುಂಡರಗಿ ಹಾಗೂ ಶಿರಹಟ್ಟಿ ಭಾಗದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ನಿಗದಿತ ಮಿತಿಗಿಂತ ಹೆಚ್ಚಾಗಿ ಕಂಡುಬಂದಿದೆ. ಶಿಲೆಗಳಲ್ಲಿರುವ ಫ್ಲೋರೈಡ್‌ಯುಕ್ತ ಖನಿಜಗಳು ನೀರಿನಲ್ಲಿ ನಿಧಾನವಾಗಿ ಕರಗುವುದು ಇದಕ್ಕೆ ಮುಖ್ಯ ಕಾರಣ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಾಗಿ ಕರಗಿ ಉಳಿಯುತ್ತದೆ.

ಗದಗ ತಾಲ್ಲೂಕಿನ ಹರ್ತಿ ಹಾಗೂ ಅಂತಹ ಗ್ರಾಮಗಳ ನಾಗರಿಕರಿಗೆ ಕುಡಿಯುವ ನೀರಿನ ವಿಷಯದಲ್ಲಿ ಎರಡು ಬಗೆಯ ಅಂಕಿಗಳು ಎದುರಾಗುತ್ತವೆ. ಒಂದು, ಪ್ರಯೋಗಾಲಯದ ವರದಿಯಲ್ಲಿ ಬರುವ ಫ್ಲೋರೈಡ್, ನೈಟ್ರೇಟ್, ಗಡಸುತನ ಮುಂತಾದವುಗಳ ಅಂಕಿ. ಇನ್ನೊಂದು, ಜಲಸಂಗ್ರಹಾಗಾರಕ್ಕೆ ಹಾಕಬೇಕಾದ ಬ್ಲೀಚಿಂಗ್ ಪುಡಿಯ ಪ್ರಮಾಣ. ಇವೆರಡರ ಹಿಂದೆಯೂ ಇರುವುದು ಒಂದೇ ಲೆಕ್ಕ. ಎಷ್ಟು ವಸ್ತು ಎಂಬುದಷ್ಟೇ ಮುಖ್ಯವಲ್ಲ, ಎಷ್ಟು ನೀರಿನಲ್ಲಿ ಎಷ್ಟು ವಸ್ತು ಎಂಬುದು ಮುಖ್ಯ. ಈ ಲೆಕ್ಕವನ್ನು ತಿಳಿಯದೆ ರೂಢಿಯಂತೆ ಒಂದು ಬೊಗಸೆ ಪುಡಿ ಹಾಕಿದಲ್ಲಿ, ನೀರು ಶುದ್ಧವಾಯಿತೆಂಬ ನಂಬಿಕೆ ಉಳಿಯುತ್ತದೆಯೇ ಹೊರತು ನೀರು ಶುದ್ಧವಾಗಿರುವುದಿಲ್ಲ.

ನೀರಿನ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವವರು, ವರದಿಯನ್ನು ಪಡೆದವರು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರು ಹಾಗೂ ನೀರುಗಂಟಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಕೊಟ್ಟಿರುವ ಉದಾಹರಣೆಗಳ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ ಇದ್ದು, ಯಾವುದೇ ಗ್ರಾಮದ ನೀರಿನ ವರದಿಯಾಗಿರುವುದಿಲ್ಲ.

2. ಪದಗಳ ಅರ್ಥ

ದ್ರಾವ್ಯ: ನೀರಿನಲ್ಲಿ ಕರಗುವ ವಸ್ತು. ಉದಾ: ಉಪ್ಪು, ಕ್ಲೋರಿನ್, ಫ್ಲೋರೈಡ್.

ದ್ರಾವಕ: ಕರಗಿಸಿಕೊಳ್ಳುವ ದ್ರವ. ಕುಡಿಯುವ ನೀರಿನ ವಿಷಯದಲ್ಲಿ ದ್ರಾವಕವು ನೀರೇ ಆಗಿರುತ್ತದೆ.

ದ್ರಾವಣ: ದ್ರಾವ್ಯ ಮತ್ತು ದ್ರಾವಕ ಸಮನಾಗಿ ಬೆರೆತ ಮಿಶ್ರಣ.

ಸಾರತೆ: ನಿರ್ದಿಷ್ಟ ಪ್ರಮಾಣದ ದ್ರಾವಣದಲ್ಲಿರುವ ದ್ರಾವ್ಯದ ಪ್ರಮಾಣ. ಆಡುಮಾತಿನಲ್ಲಿ ಇದನ್ನು ಸಾಂದ್ರತೆ ಎಂದೂ ಕರೆಯುವುದುಂಟು. ಆದರೆ ಪಠ್ಯಪುಸ್ತಕಗಳಲ್ಲಿ ಸಾಂದ್ರತೆ ಎಂದರೆ ಒಂದು ಘನ ಅಳತೆಯ ವಸ್ತುವಿನ ತೂಕವೆಂದು ಅರ್ಥವಿರುವುದರಿಂದ ಇಲ್ಲಿ ಸಾರತೆ ಎಂಬ ಪದವನ್ನೇ ಬಳಸಲಾಗಿದೆ.

ಲಭ್ಯ ಕ್ಲೋರಿನ್: ಬ್ಲೀಚಿಂಗ್ ಪುಡಿಯಲ್ಲಿ ಕ್ರಿಮಿನಾಶಕ್ಕೆ ದೊರೆಯುವ ಕ್ಲೋರಿನ್ನಿನ ಶೇಕಡಾ ಪ್ರಮಾಣ.

ಉಳಿಕೆ ಕ್ಲೋರಿನ್: ನೀರಿನಲ್ಲಿರುವ ಕಲ್ಮಶ ಮತ್ತು ರೋಗಾಣುಗಳ ಮೇಲೆ ವ್ಯಯವಾದ ನಂತರ ನೀರಿನಲ್ಲಿ ಉಳಿಯುವ ಕ್ಲೋರಿನ್.

ಅರ್ಜಿದಾರರು ಫ್ಲೋರೈಡ್, ಕ್ಲೋರೈಡ್ ಮತ್ತು ಕ್ಲೋರಿನ್ ಎಂಬ ಮೂರು ಪದಗಳನ್ನು ಒಂದೇ ಎಂದು ಭಾವಿಸುವ ಸಂಭವವಿದೆ. ಫ್ಲೋರೈಡ್ ಶಿಲೆಯಿಂದ ನೀರಿಗೆ ಬರುವಂತಹದು, ಮಿತಿ ಮೀರಿದರೆ ಹಲ್ಲು ಮತ್ತು ಮೂಳೆಗಳಿಗೆ ಹಾನಿಕರ. ಕ್ಲೋರೈಡ್ ಉಪ್ಪಿನ ಅಂಶ, ಹೆಚ್ಚಾದರೆ ನೀರು ಸವಳಾಗುತ್ತದೆ. ಕ್ಲೋರಿನ್ ಎಂಬುದು ರೋಗಾಣುಗಳನ್ನು ಕೊಲ್ಲಲು ಉದ್ದೇಶಪೂರ್ವಕವಾಗಿ ಸೇರಿಸುವ ವಸ್ತು.

3. ಸಾರತೆಯನ್ನು ತಿಳಿಸುವ ಅಳತೆಗಳು

3.1 ಶೇಕಡಾ ಪ್ರಮಾಣ: 100 ಮಿಲಿಲೀಟರ್ ದ್ರಾವಣದಲ್ಲಿರುವ ದ್ರಾವ್ಯದ ತೂಕ, ಗ್ರಾಂಗಳಲ್ಲಿ. 1 ಲೀಟರ್ ದ್ರಾವಣದಲ್ಲಿ 10 ಗ್ರಾಂ ಕ್ಲೋರಿನ್ ಇದ್ದರೆ ಅದು ಶೇ. 1ರ ದ್ರಾವಣ.

3.2 ಲೀಟರಿಗೆ ಮಿಲಿಗ್ರಾಂ: 1 ಲೀಟರ್ ನೀರಿನಲ್ಲಿರುವ ವಸ್ತುವಿನ ತೂಕ, ಮಿಲಿಗ್ರಾಂಗಳಲ್ಲಿ. ನೀರಿನ ವರದಿಗಳಲ್ಲಿ ಇದನ್ನು ಮಿ.ಗ್ರಾಂ/ಲೀ ಎಂದು ಬರೆಯಲಾಗುತ್ತದೆ.

3.3 ಹತ್ತು ಲಕ್ಷದಲ್ಲಿ ಒಂದು ಭಾಗ: ಇದನ್ನು ಪಿ.ಪಿ.ಎಂ. ಎಂದು ಕರೆಯುತ್ತಾರೆ. 1 ಲೀಟರ್ ನೀರಿನ ತೂಕ ಸುಮಾರು 1 ಕಿಲೋಗ್ರಾಂ, ಅಂದರೆ 10 ಲಕ್ಷ ಮಿಲಿಗ್ರಾಂ ಆಗಿರುವುದರಿಂದ, ಕುಡಿಯುವ ನೀರಿನಂತಹ ತೆಳು ದ್ರಾವಣಗಳಲ್ಲಿ 1 ಪಿ.ಪಿ.ಎಂ. ಎಂದರೆ 1 ಮಿ.ಗ್ರಾಂ/ಲೀ ಎಂದೇ ಪರಿಗಣಿಸಬಹುದಾಗಿದೆ.

3.4 ಮೋಲಾರಿಟಿ: 1 ಲೀಟರ್ ದ್ರಾವಣದಲ್ಲಿರುವ ವಸ್ತುವಿನ ಮೋಲ್‌ಗಳ ಸಂಖ್ಯೆ. ಉದಾ: ಸೋಡಿಯಂ ಫ್ಲೋರೈಡಿನ ಅಣುತೂಕ 42. ಆದ್ದರಿಂದ 42 ಗ್ರಾಂ ಸೋಡಿಯಂ ಫ್ಲೋರೈಡನ್ನು ಕರಗಿಸಿ 1 ಲೀಟರ್ ದ್ರಾವಣ ಮಾಡಿದಲ್ಲಿ ಅದು 1 ಮೋಲಾರ್ ದ್ರಾವಣ. ಈ ಅಳತೆಯು ಪ್ರಯೋಗಾಲಯದ ಬಳಕೆಗೆ ಸೀಮಿತವಾಗಿದ್ದು ನಾಗರಿಕರಿಗೆ ನೀಡುವ ವರದಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

3.5 ಪರಸ್ಪರ ಸಂಬಂಧ: ಶೇ. 1 ಎಂದರೆ 10,000 ಮಿ.ಗ್ರಾಂ/ಲೀ. 1 ಮಿ.ಗ್ರಾಂ/ಲೀ ಎಂದರೆ 1,000 ಮೈಕ್ರೋಗ್ರಾಂ/ಲೀ.

4. ವರದಿಯನ್ನು ಓದುವ ಕ್ರಮ

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕ (ಐ.ಎಸ್. 10500: 2012) ಪ್ರತಿ ಅಂಶಕ್ಕೂ ಒಂದು ಸ್ವೀಕಾರಾರ್ಹ ಮಿತಿಯನ್ನು ನೀಡಿದೆ. ಪರ್ಯಾಯ ಜಲಮೂಲ ಇಲ್ಲದಿದ್ದಲ್ಲಿ ಮಾತ್ರ ಒಪ್ಪಬಹುದಾದ ಗರಿಷ್ಠ ಮಿತಿಯನ್ನೂ ಹಲವು ಅಂಶಗಳಿಗೆ ನೀಡಿದೆ. ಮುಖ್ಯವಾದ ಕೆಲವು ಈ ಕೆಳಕಂಡಂತಿವೆ (ಎಲ್ಲವೂ ಮಿ.ಗ್ರಾಂ/ಲೀ):

ಫ್ಲೋರೈಡ್: ಸ್ವೀಕಾರಾರ್ಹ 1.0, ಗರಿಷ್ಠ 1.5
ನೈಟ್ರೇಟ್: ಸ್ವೀಕಾರಾರ್ಹ 45, ಸಡಿಲಿಕೆ ಇಲ್ಲ
ಕ್ಲೋರೈಡ್: ಸ್ವೀಕಾರಾರ್ಹ 250, ಗರಿಷ್ಠ 1,000
ಒಟ್ಟು ಗಡಸುತನ: ಸ್ವೀಕಾರಾರ್ಹ 200; ಗರಿಷ್ಠ 600
ಒಟ್ಟು ಕರಗಿದ ಘನವಸ್ತು: ಸ್ವೀಕಾರಾರ್ಹ 500, ಗರಿಷ್ಠ 2,000
ಉಳಿಕೆ ಮುಕ್ತ ಕ್ಲೋರಿನ್: ಕನಿಷ್ಠ 0.2, ಗರಿಷ್ಠ 1

ಉಳಿಕೆ ಕ್ಲೋರಿನ್ನಿಗೆ ಮಾತ್ರ ಕನಿಷ್ಠ ಮಿತಿ ಇರುವುದನ್ನು ಗಮನಿಸುವುದು. ಉಳಿದವು ಕಡಿಮೆ ಇರಬೇಕಾದವು. ಕ್ಲೋರಿನೀಕರಿಸಿದ ನೀರಿನಲ್ಲಿ ಕ್ಲೋರಿನ್ ಇರಲೇಬೇಕಾದದ್ದು.

ನೈಟ್ರೇಟ್ ಅಂಕಿಯನ್ನು ಓದುವಾಗ ವಿಶೇಷ ಎಚ್ಚರ ಅಗತ್ಯ. ಕೆಲವು ಉಪಕರಣಗಳು ನೈಟ್ರೇಟ್ ಅಂಶವನ್ನು ಅದರಲ್ಲಿರುವ ಸಾರಜನಕದ ರೂಪದಲ್ಲಿ ತೋರಿಸುತ್ತವೆ. ಅಂತಹ ಅಂಕಿಯನ್ನು 4.43ರಿಂದ ಗುಣಿಸಿದಾಗ ನೈಟ್ರೇಟ್ ದೊರೆಯುತ್ತದೆ. ಸಾರಜನಕವಾಗಿ 12 ಎಂದು ಬಂದ ಅಂಕಿಯು 45ಕ್ಕಿಂತ ಬಹಳ ಕಡಿಮೆ ಎಂದು ತೋರಿದರೂ, ನೈಟ್ರೇಟ್ ಲೆಕ್ಕದಲ್ಲಿ ಅದು 53 ಆಗಿ ಮಿತಿಯನ್ನು ಮೀರಿರುತ್ತದೆ. ಆದ್ದರಿಂದ ವರದಿಯಲ್ಲಿ ಅಂಕಿಯ ಜೊತೆ ಅದು ಯಾವ ರೂಪದ್ದೆಂದು ಬರೆದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಮಿತಿಯೊಂದಿಗೆ ಸೇವನೆಯ ಪ್ರಮಾಣವನ್ನೂ ಗಮನಿಸಬೇಕಾಗುತ್ತದೆ. 1.5 ಮಿ.ಗ್ರಾಂ/ಲೀ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿಯುವವರಿಗೆ 3 ಮಿಲಿಗ್ರಾಂ ಫ್ಲೋರೈಡ್ ಸೇರುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡಿ 5 ಲೀಟರ್ ಕುಡಿಯುವವರಿಗೆ ಅದೇ ನೀರಿನಿಂದ 7.5 ಮಿಲಿಗ್ರಾಂ ಸೇರುತ್ತದೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು 8 ವರ್ಷದೊಳಗಿನ ಮಕ್ಕಳಿಗೆ ಹೆಚ್ಚಿನ ಫ್ಲೋರೈಡ್ ನೀರು ದೊರೆತಲ್ಲಿ ಹಲ್ಲಿನ ಮೇಲೆ ಉಂಟಾಗುವ ಕಲೆ ಜೀವನಪರ್ಯಂತ ಉಳಿಯುತ್ತದೆ. ಹಲವು ವರ್ಷಗಳ ಹೆಚ್ಚಿನ ಸೇವನೆಯಿಂದ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ.

5. ಬ್ಲೀಚಿಂಗ್ ಪುಡಿಯ ಪ್ರಮಾಣ ಲೆಕ್ಕ ಹಾಕುವ ಕ್ರಮ

5.1 ಬೇಕಾದ ಮೂರು ಅಂಕಿಗಳು

(ಅ) ನೀರಿನ ಪ್ರಮಾಣ, ಲೀಟರ್‌ಗಳಲ್ಲಿ. ಜಲಸಂಗ್ರಹಾಗಾರದ ಮೇಲೆ ಬರೆದಿರುವುದು ಅದರ ಪೂರ್ಣ ಸಾಮರ್ಥ್ಯವಾಗಿದ್ದು, ಪುಡಿ ಹಾಕುವ ವೇಳೆಯಲ್ಲಿ ಅದರಲ್ಲಿರುವ ನೀರಿನ ಪ್ರಮಾಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

(ಆ) ಪ್ರತಿ ಲೀಟರಿಗೆ ಸೇರಿಸಬೇಕಾದ ಕ್ಲೋರಿನ್, ಮಿಲಿಗ್ರಾಂಗಳಲ್ಲಿ. ಇದು ನೀರಿನ ಕ್ಲೋರಿನ್ ಬೇಡಿಕೆ ಮತ್ತು ಅಪೇಕ್ಷಿತ ಉಳಿಕೆ ಕ್ಲೋರಿನ್ ಇವುಗಳ ಮೊತ್ತ.

(ಇ) ಬ್ಲೀಚಿಂಗ್ ಪುಡಿಯಲ್ಲಿನ ಲಭ್ಯ ಕ್ಲೋರಿನ್, ಶೇಕಡಾವಾರು. ತಾಜಾ ಪುಡಿಯಲ್ಲಿ ಇದು ಸುಮಾರು ಶೇ. 33 ಇರುತ್ತದೆ. ಗಾಳಿ, ಬೆಳಕು, ಬಿಸಿ ಮತ್ತು ತೇವಾಂಶಕ್ಕೆ ಒಡ್ಡಿಕೊಂಡಂತೆ ಕಡಿಮೆಯಾಗುತ್ತಾ ಹೋಗುತ್ತದೆ.

5.2 ಸೂತ್ರ

ಪುಡಿಯ ತೂಕ (ಗ್ರಾಂ) = ನೀರು (ಲೀಟರ್) × ಕ್ಲೋರಿನ್ (ಮಿ.ಗ್ರಾಂ/ಲೀ) ÷ (10 × ಲಭ್ಯ ಕ್ಲೋರಿನ್ ಶೇಕಡಾ)

5.3 ಉದಾಹರಣೆ 1

ಗ್ರಾಮದ ಜಲಸಂಗ್ರಹಾಗಾರದಲ್ಲಿ 50,000 ಲೀಟರ್ ನೀರಿದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಸೇರಿಸಬೇಕಾಗಿದೆ.

ಪುಡಿ ಶೇ. 33ರದ್ದಾದಲ್ಲಿ: 50,000 × 2 ÷ 330 = 303 ಗ್ರಾಂ
ಪುಡಿ ಶೇ. 25ರದ್ದಾದಲ್ಲಿ: 50,000 × 2 ÷ 250 = 400 ಗ್ರಾಂ
ಪುಡಿ ಶೇ. 20ರದ್ದಾದಲ್ಲಿ: 50,000 × 2 ÷ 200 = 500 ಗ್ರಾಂ

ಪುಡಿಯು ಹಳೆಯದಾಗಿ ಶೇ. 20ಕ್ಕೆ ಇಳಿದಿರುವಾಗಲೂ ಹಿಂದಿನ ರೂಢಿಯಂತೆ 303 ಗ್ರಾಂ ಹಾಕಿದರೆ, ನೀರಿಗೆ ಸೇರುವ ಕ್ಲೋರಿನ್ ಲೀಟರಿಗೆ 1.21 ಮಿಲಿಗ್ರಾಂ ಮಾತ್ರ. ಆ ನೀರಿನ ಕ್ಲೋರಿನ್ ಬೇಡಿಕೆಯು 1.2 ಮಿ.ಗ್ರಾಂ/ಲೀ ಇದ್ದಲ್ಲಿ ಉಳಿಕೆಯು ಶೂನ್ಯಕ್ಕೆ ಸಮೀಪವಾಗುತ್ತದೆ. ಪುಡಿ ಹಾಕಿದ ದಾಖಲೆ ವಹಿಯಲ್ಲಿ ಇರುತ್ತದೆ, ನೀರಿನಲ್ಲಿ ಮಾತ್ರ ಕೊಳವೆಯ ಕೊನೆಯ ನಲ್ಲಿಯವರೆಗೆ ರಕ್ಷಣೆ ಇರುವುದಿಲ್ಲ. ಕೊಳವೆ ಒಡೆದು ಚರಂಡಿಯ ನೀರು ಒಳಸೇರಿದ ದಿನ ಇದರ ಪರಿಣಾಮವು ವಾಂತಿ ಭೇದಿಯ ರೂಪದಲ್ಲಿ ಮನೆಗಳಿಗೆ ತಲುಪುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಶೇ. 33ರ ತಾಜಾ ಪುಡಿಯನ್ನು ಪೂರ್ಣ ಸಾಮರ್ಥ್ಯಕ್ಕೆ ಲೆಕ್ಕ ಹಾಕಿ 303 ಗ್ರಾಂ ಹಾಕಲಾಗಿದ್ದು, ತೊಟ್ಟಿಯಲ್ಲಿ ವಾಸ್ತವವಾಗಿ 30,000 ಲೀಟರ್ ಮಾತ್ರ ನೀರಿದ್ದಲ್ಲಿ, ಲೀಟರಿಗೆ 3.3 ಮಿಲಿಗ್ರಾಂ ಆಗುತ್ತದೆ. ಇಂತಹ ನೀರಿನ ವಾಸನೆ ತಾಳಲಾರದೆ ಜನರು ಹಳೆಯ, ಪರೀಕ್ಷಿಸದ ಬಾವಿಯ ನೀರಿಗೆ ಮರಳುವ ಸಂಭವವಿದೆ. ಹೀಗಾಗಿ ಹೆಚ್ಚು ಹಾಕುವುದೂ ಸುರಕ್ಷತೆಯ ಮಾರ್ಗವಲ್ಲ.

5.4 ತೆರೆದ ಬಾವಿಯ ನೀರಿನ ಪ್ರಮಾಣ

ದುಂಡು ಬಾವಿಯಾದಲ್ಲಿ: ನೀರು (ಲೀಟರ್) = 0.785 × ವ್ಯಾಸ × ವ್ಯಾಸ × ನೀರಿನ ಆಳ × 1,000. ವ್ಯಾಸ ಮತ್ತು ಆಳವನ್ನು ಮೀಟರ್‌ಗಳಲ್ಲಿ ಅಳೆಯತಕ್ಕದ್ದು. ಬಾವಿಯ ಒಟ್ಟು ಆಳವನ್ನಲ್ಲ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಾಗ ಒದ್ದೆಯಾದ ಭಾಗದ ಉದ್ದವನ್ನು ಮಾತ್ರ ನೀರಿನ ಆಳವಾಗಿ ತೆಗೆದುಕೊಳ್ಳುವುದು.

ಉದಾಹರಣೆ 2: ವ್ಯಾಸ 4 ಮೀಟರ್, ನೀರಿನ ಆಳ 5 ಮೀಟರ್. 0.785 × 4 × 4 × 5 × 1,000 = 62,800 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್, ಪುಡಿ ಶೇ. 25 ಎಂದಾದಲ್ಲಿ 62,800 × 2 ÷ 250 = ಸುಮಾರು 502 ಗ್ರಾಂ.

5.5 ಕ್ಲೋರಿನ್ ಬೇಡಿಕೆಯನ್ನು ತಿಳಿಯುವುದು

ಮಳೆಗಾಲದ ಕದಡಿದ ನೀರಿಗೂ ಬೇಸಿಗೆಯ ತಿಳಿ ನೀರಿಗೂ ಒಂದೇ ಪ್ರಮಾಣ ಸಾಲದು. ಕದಡು ಹೆಚ್ಚಿದಷ್ಟೂ ಕ್ಲೋರಿನ್ ಅದರ ಮೇಲೆಯೇ ವ್ಯಯವಾಗುತ್ತದೆ. ಪುಡಿ ಹಾಕಿ ಕನಿಷ್ಠ 30 ನಿಮಿಷಗಳ ನಂತರ ಉಳಿಕೆ ಕ್ಲೋರಿನ್ ಅಳೆದು, ಹಾಕಿದ ಪ್ರಮಾಣದಿಂದ ಅದನ್ನು ಕಳೆದಾಗ ಬೇಡಿಕೆ ದೊರೆಯುತ್ತದೆ. 2.0 ಹಾಕಿದ್ದು 0.6 ಉಳಿದಿದ್ದಲ್ಲಿ ಬೇಡಿಕೆಯು 1.4 ಮಿ.ಗ್ರಾಂ/ಲೀ. ಊರಿನ ಜಾತ್ರೆಯಂತಹ ಸಂದರ್ಭದಲ್ಲಿ ತೊಟ್ಟಿಯನ್ನು ದಿನಕ್ಕೆ ಹಲವು ಬಾರಿ ತುಂಬಿಸಬೇಕಾದಾಗ, ಪ್ರತಿ ಬಾರಿ ತುಂಬಿದ ನೀರಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕತಕ್ಕದ್ದು. ಬೆಳಿಗ್ಗೆ ಹಾಕಿದ ಪುಡಿಯು ಮಧ್ಯಾಹ್ನ ತುಂಬಿದ ನೀರಿಗೆ ಅನ್ವಯಿಸುವುದಿಲ್ಲ.

5.6 ಹಾಕುವ ವಿಧಾನ

ತೂಕ ಮಾಡಿದ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಹಿಟ್ಟಿನ ಹದಕ್ಕೆ ಕಲಸಿ, ನಂತರ ಹೆಚ್ಚು ನೀರು ಸೇರಿಸಿ ಕದಡಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಅಥವಾ ಬಾವಿಗೆ ಸೇರಿಸುವುದು. ಒಣ ಪುಡಿಯನ್ನು ನೇರವಾಗಿ ಎರಚಬಾರದು. ಪುಡಿಯನ್ನು ಯಾವುದೇ ಆಮ್ಲದೊಂದಿಗೆ ಅಥವಾ ಶೌಚಾಲಯ ಶುಚಿಗೊಳಿಸುವ ದ್ರಾವಣದೊಂದಿಗೆ ಬೆರೆಸಕೂಡದು. ಹಾಗೆ ಮಾಡಿದಲ್ಲಿ ವಿಷಾನಿಲ ಹೊರಬರುತ್ತದೆ. ಚೀಲವನ್ನು ಬಿಗಿಯಾಗಿ ಕಟ್ಟಿ ತಂಪಾದ, ಕತ್ತಲೆಯ, ಒಣ ಸ್ಥಳದಲ್ಲಿ ಇಡತಕ್ಕದ್ದು.

6. ಪ್ರಬಲ ದ್ರಾವಣವನ್ನು ತೆಳುಗೊಳಿಸುವ ಲೆಕ್ಕ

ದ್ರಾವಣಕ್ಕೆ ನೀರು ಸೇರಿಸಿದಾಗ ಅದರ ಗಾತ್ರ ಹೆಚ್ಚುತ್ತದೆ, ಸಾರತೆ ಕಡಿಮೆಯಾಗುತ್ತದೆ. ಅದರಲ್ಲಿರುವ ವಸ್ತುವಿನ ಒಟ್ಟು ತೂಕ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ:

ಮೊದಲ ಸಾರತೆ × ಮೊದಲ ಗಾತ್ರ = ನಂತರದ ಸಾರತೆ × ನಂತರದ ಗಾತ್ರ

ಉದಾಹರಣೆ 3: ಶೇ. 25 ಲಭ್ಯ ಕ್ಲೋರಿನ್ ಇರುವ 40 ಗ್ರಾಂ ಪುಡಿಯಿಂದ 1 ಲೀಟರ್ ದ್ರಾವಣ ತಯಾರಿಸಿದಲ್ಲಿ ಅದರಲ್ಲಿ 10 ಗ್ರಾಂ ಕ್ಲೋರಿನ್ ಇದ್ದು, ಅದು ಶೇ. 1ರ ದ್ರಾವಣವಾಗುತ್ತದೆ, ಅಂದರೆ 10,000 ಮಿ.ಗ್ರಾಂ/ಲೀ. ಮನೆಯ 200 ಲೀಟರ್ ಡ್ರಮ್ಮಿಗೆ ಲೀಟರಿಗೆ 2 ಮಿಲಿಗ್ರಾಂ ಬೇಕಾದಲ್ಲಿ: 200 × 2 ÷ 10,000 = 0.04 ಲೀಟರ್, ಅಂದರೆ 40 ಮಿಲಿಲೀಟರ್. 20 ಲೀಟರ್ ಕ್ಯಾನಿಗೆ 4 ಮಿಲಿಲೀಟರ್ ಸಾಕು. ಈ ದ್ರಾವಣದ ಶಕ್ತಿ ಬೇಗನೆ ಕುಂದುವುದರಿಂದ ಅಗತ್ಯವಿದ್ದಷ್ಟೇ ತಯಾರಿಸಿ, ಮಕ್ಕಳ ಕೈಗೆ ಸಿಗದಂತೆ, ಹೆಸರು ಮತ್ತು ದಿನಾಂಕ ಬರೆದ ಮುಚ್ಚಿದ ಪಾತ್ರೆಯಲ್ಲಿ ಇಡುವುದು.

7. ಫ್ಲೋರೈಡ್ ಸಂಬಂಧಿತ ಲೆಕ್ಕಗಳು

ಕ್ಲೋರಿನ್ ಹಾಕುವುದರಿಂದ ಫ್ಲೋರೈಡ್ ಅಥವಾ ನೈಟ್ರೇಟ್ ಕಡಿಮೆಯಾಗುವುದಿಲ್ಲ. ಈ ಕೆಳಕಂಡ ಮೂರು ಸಂದರ್ಭಗಳಲ್ಲಿ ಮೇಲಿನ ತತ್ವವೇ ಅನ್ವಯಿಸುತ್ತದೆ.

7.1 ನೀರನ್ನು ಕುದಿಸುವುದು

ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. 2.0 ಮಿ.ಗ್ರಾಂ/ಲೀ ಇರುವ 10 ಲೀಟರ್ ನೀರಿನಲ್ಲಿ 20 ಮಿಲಿಗ್ರಾಂ ಫ್ಲೋರೈಡ್ ಇದೆ. ಕುದಿದು 8 ಲೀಟರ್ ಉಳಿದಾಗ 20 ÷ 8 = 2.5 ಮಿ.ಗ್ರಾಂ/ಲೀ ಆಗುತ್ತದೆ. ಫ್ಲೋರೈಡ್ ನೀರನ್ನು ಕುದಿಸಿ ಕುಡಿದರೆ ದೋಷ ಹೋಗುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ.

7.2 ಎರಡು ಮೂಲಗಳ ನೀರನ್ನು ಬೆರೆಸುವುದು

ನದಿಮೂಲದ ನೀರು ಹಾಗೂ ಕೊಳವೆ ಬಾವಿಯ ನೀರು ಒಂದೇ ತೊಟ್ಟಿಗೆ ಸೇರುವ ಗ್ರಾಮಗಳಲ್ಲಿ ಮಿಶ್ರಣದ ಸಾರತೆಯನ್ನು ಹೀಗೆ ಲೆಕ್ಕ ಹಾಕಬಹುದಾಗಿದೆ.

ಉದಾಹರಣೆ 4: ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ 2.4, ನದಿ ನೀರಿನಲ್ಲಿ 0.4 ಮಿ.ಗ್ರಾಂ/ಲೀ ಎಂದಿರಲಿ.
ಸಮಪಾಲು (50 + 50 ಲೀಟರ್): 120 + 20 = 140 ಮಿಲಿಗ್ರಾಂ, 100 ಲೀಟರಿನಲ್ಲಿ; ಅಂದರೆ 1.4 ಮಿ.ಗ್ರಾಂ/ಲೀ.
ಕೊಳವೆ ಬಾವಿ 30, ನದಿ 70 ಲೀಟರ್: 72 + 28 = 100 ಮಿಲಿಗ್ರಾಂ; ಅಂದರೆ 1.0 ಮಿ.ಗ್ರಾಂ/ಲೀ.
ಕೊಳವೆ ಬಾವಿ 70, ನದಿ 30 ಲೀಟರ್: 168 + 12 = 180 ಮಿಲಿಗ್ರಾಂ; ಅಂದರೆ 1.8 ಮಿ.ಗ್ರಾಂ/ಲೀ.

ನದಿ ನೀರಿನ ಸರಬರಾಜು ವಾರದಲ್ಲಿ ಒಂದೆರಡು ದಿನ ನಿಂತಾಗ ತೊಟ್ಟಿಯನ್ನು ಕೊಳವೆ ಬಾವಿಯಿಂದಲೇ ತುಂಬಿಸಿದರೆ ಆ ದಿನಗಳ ನೀರು 2.4ರದ್ದೇ ಆಗಿರುತ್ತದೆ. ಮಾದರಿಯನ್ನು ಯಾವ ದಿನ, ಯಾವ ಮೂಲದ ನೀರಿರುವಾಗ ತೆಗೆಯಲಾಯಿತು ಎಂಬುದನ್ನು ಅರ್ಜಿಯಲ್ಲಿ ನಮೂದಿಸಬೇಕೆಂದು ಕೋರುವುದಕ್ಕೆ ಇದೇ ಕಾರಣ.

7.3 ಶುದ್ಧ ಕುಡಿಯುವ ನೀರಿನ ಘಟಕದ ತ್ಯಾಜ್ಯ ನೀರು

ಆರ್.ಒ. ಘಟಕವು ಫ್ಲೋರೈಡನ್ನು ನಾಶಪಡಿಸುವುದಿಲ್ಲ, ಬೇರ್ಪಡಿಸುತ್ತದೆ. 2.4 ಮಿ.ಗ್ರಾಂ/ಲೀ ಇರುವ 1,000 ಲೀಟರ್ ನೀರಿನಲ್ಲಿ 2,400 ಮಿಲಿಗ್ರಾಂ ಫ್ಲೋರೈಡ್ ಇದೆ. ಅದರಲ್ಲಿ 500 ಲೀಟರ್ ಶುದ್ಧ ನೀರು 0.2 ಮಿ.ಗ್ರಾಂ/ಲೀ ಸಾರತೆಯಲ್ಲಿ ದೊರೆತರೆ, ಅದರೊಂದಿಗೆ ಹೋದದ್ದು 100 ಮಿಲಿಗ್ರಾಂ. ಉಳಿದ 2,300 ಮಿಲಿಗ್ರಾಂ ತ್ಯಾಜ್ಯದ 500 ಲೀಟರಿನಲ್ಲಿದ್ದು, ಅದರ ಸಾರತೆ 4.6 ಮಿ.ಗ್ರಾಂ/ಲೀ ಆಗುತ್ತದೆ. ಈ ನೀರನ್ನು ಜನರು ಕುಡಿಯುವುದಾಗಲೀ, ಅಡುಗೆಗೆ ಬಳಸುವುದಾಗಲೀ, ದನಕರುಗಳ ತೊಟ್ಟಿಗೆ ಬಿಡುವುದಾಗಲೀ, ಬಾವಿಯ ಸಮೀಪ ಇಂಗಿಸುವುದಾಗಲೀ ಕೂಡದು.

8. ಪ್ರಯೋಗಾಲಯದಲ್ಲಿ ಸಾರತೆಯನ್ನು ನಿರ್ಧರಿಸುವ ಬಗೆ

ಪ್ರಯೋಗಾಲಯದ ಅಂಕಿಯು ಅಲ್ಲಿ ತಯಾರಿಸುವ ಪ್ರಮಾಣಿತ ದ್ರಾವಣದ ಮೇಲೆ ಅವಲಂಬಿತವಾಗಿದೆ. ಫ್ಲೋರೈಡ್ ಪರೀಕ್ಷೆಗೆ ಸೋಡಿಯಂ ಫ್ಲೋರೈಡ್ ಬಳಸಲಾಗುತ್ತದೆ. ಅದರ 42 ಭಾಗ ತೂಕದಲ್ಲಿ ಫ್ಲೋರೈಡ್ 19 ಭಾಗ ಮಾತ್ರ, ಉಳಿದ 23 ಭಾಗ ಸೋಡಿಯಂ. ಆದ್ದರಿಂದ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣಕ್ಕೆ 100 × 42 ÷ 19 = 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಬೇಕು. ತಪ್ಪಾಗಿ 100 ಮಿಲಿಗ್ರಾಂ ಮಾತ್ರ ತೂಗಿದಲ್ಲಿ ದ್ರಾವಣದ ನಿಜವಾದ ಸಾರತೆ ಸುಮಾರು 45 ಆಗಿ, ಅದರೊಂದಿಗೆ ಹೋಲಿಸಿದ 1.0 ಮಿ.ಗ್ರಾಂ/ಲೀ ನೀರು 2.2 ಎಂದು ವರದಿಯಾಗುತ್ತದೆ. ಯೋಗ್ಯ ಜಲಮೂಲವೊಂದನ್ನು ಮುಚ್ಚಲು ಇಂತಹ ಒಂದು ಲೆಕ್ಕದ ತಪ್ಪು ಸಾಕಾಗುತ್ತದೆ. ಫಲಿತಾಂಶದ ಬಗ್ಗೆ ಸಂಶಯವಿದ್ದಲ್ಲಿ ಮರುಪರೀಕ್ಷೆಯನ್ನು ಕೋರುವುದು ಸೂಕ್ತ.

ಬ್ಲೀಚಿಂಗ್ ಪುಡಿಯ ಲಭ್ಯ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟ್ ದ್ರಾವಣದೊಂದಿಗೆ ಅಂಶಮಾಪನ ಮಾಡಿ ತಿಳಿಯಲಾಗುತ್ತದೆ. 0.1 ನಾರ್ಮಲ್ ಥಯೋಸಲ್ಫೇಟಿನ 1 ಮಿಲಿಲೀಟರ್, 3.545 ಮಿಲಿಗ್ರಾಂ ಕ್ಲೋರಿನ್ನಿಗೆ ಸಮ. 250 ಮಿಲಿಗ್ರಾಂ ಪುಡಿಗೆ 17.6 ಮಿಲಿಲೀಟರ್ ವ್ಯಯವಾದಲ್ಲಿ ಕ್ಲೋರಿನ್ 62.4 ಮಿಲಿಗ್ರಾಂ, ಅಂದರೆ ಸುಮಾರು ಶೇ. 25. ಹೊಸ ಚೀಲ ಬಂದಾಗ ಹಾಗೂ ಚೀಲ ತೆರೆದು ಬಹುದಿನವಾದಾಗ ಈ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಚೀಲದ ಮೇಲೆಯೇ ಬರೆದಿಡುವುದು ಅನುಕೂಲಕರ.

9. ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

9.1 ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಅದರಡಿ 2021ರಲ್ಲಿ ಹೊರಬಂದ ನೀರಿನ ಗುಣಮಟ್ಟ ಪರೀಕ್ಷೆಯ ಮಾರ್ಗಸೂಚಿಯಂತೆ ನೀರಿನ ಪ್ರಯೋಗಾಲಯಗಳನ್ನು ಸಾರ್ವಜನಿಕರ ಬಳಕೆಗೂ ತೆರೆಯಲಾಗಿದೆ. ಪ್ರತಿ ಜಲಮೂಲದ ರಾಸಾಯನಿಕ ಪರೀಕ್ಷೆಯನ್ನು ವರ್ಷಕ್ಕೆ 1 ಬಾರಿ ಹಾಗೂ ರೋಗಾಣು ಪರೀಕ್ಷೆಯನ್ನು ಮಳೆಗಾಲದ ಮುನ್ನ ಮತ್ತು ನಂತರ ಹೀಗೆ 2 ಬಾರಿ ಮಾಡುವುದು ಈ ಮಾರ್ಗಸೂಚಿಯ ಆಶಯ.

9.2 ಅರ್ಜಿಯಲ್ಲಿ ಜಲಮೂಲದ ಬಗೆ, ಗ್ರಾಮ ಮತ್ತು ಓಣಿ, ಮಾದರಿ ತೆಗೆದ ದಿನಾಂಕ ಮತ್ತು ವೇಳೆ, ಮಾದರಿಯನ್ನು ಮೂಲದಿಂದ ತೆಗೆಯಲಾಯಿತೇ ಅಥವಾ ನಲ್ಲಿಯಿಂದ ತೆಗೆಯಲಾಯಿತೇ, ಕ್ಲೋರಿನ್ ಹಾಕಲಾಗಿದೆಯೇ, ಯಾವ ಪರೀಕ್ಷೆ ಬೇಕು ಎಂಬ ವಿವರಗಳನ್ನು ನಮೂದಿಸುವುದು.

9.3 ರಾಸಾಯನಿಕ ಪರೀಕ್ಷೆಗೆ ಕನಿಷ್ಠ 1 ಲೀಟರ್ ನೀರನ್ನು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬುವುದು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬಳಸಬಾರದು. ಕೊಳವೆ ಬಾವಿಯಾದಲ್ಲಿ ಕೆಲವು ನಿಮಿಷ ನೀರನ್ನು ಹರಿಯಬಿಟ್ಟು ನಂತರ ಹಿಡಿಯುವುದು.

9.4 ರೋಗಾಣು ಪರೀಕ್ಷೆಗೆ ಪ್ರಯೋಗಾಲಯದಿಂದಲೇ ನಿರ್ಜೀವೀಕರಿಸಿದ ಬಾಟಲಿ ಪಡೆಯತಕ್ಕದ್ದು. ಅದನ್ನು ತೊಳೆಯಬಾರದು. ಮಾದರಿಯನ್ನು ತಂಪಿನಲ್ಲಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸುವುದು.

9.5 ಉಳಿಕೆ ಕ್ಲೋರಿನ್ ಪರೀಕ್ಷೆಯನ್ನು ನಲ್ಲಿಯ ಬಳಿಯೇ ಮಾಡಬೇಕು. ಬಾಟಲಿಯಲ್ಲಿ ಸಾಗಿಸುವಷ್ಟರಲ್ಲಿ ಅದು ಕಡಿಮೆಯಾಗುತ್ತದೆ. ಗ್ರಾಮ ಮಟ್ಟದಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ಪಡೆದ ಮಹಿಳೆಯರ ನೆರವನ್ನು ಪಡೆಯಬಹುದಾಗಿದೆ.

9.6 ಗ್ರಾಮದ ಜಲಮೂಲಗಳ ಹಿಂದಿನ ವರದಿಗಳನ್ನು ಗ್ರಾಮ ಪಂಚಾಯತಿಯಲ್ಲಿ ಕೇಳಬಹುದಾಗಿದೆ. ಅಗತ್ಯವಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿದಲ್ಲಿ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡತಕ್ಕದ್ದಾಗಿದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೀರು ತಿಳಿಯಾಗಿದೆ, ರುಚಿಯೂ ಚೆನ್ನಾಗಿದೆ. ಪರೀಕ್ಷೆ ಅಗತ್ಯವೇ?
ಉತ್ತರ: ಅಗತ್ಯ. ಫ್ಲೋರೈಡ್ ಮತ್ತು ನೈಟ್ರೇಟ್‌ಗಳಿಗೆ ಈ ಪ್ರಮಾಣಗಳಲ್ಲಿ ಬಣ್ಣ, ವಾಸನೆ, ರುಚಿ ಇರುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಇಟ್ಟುಕೊಂಡಿರುವ ಟಿ.ಡಿ.ಎಸ್. ಮೀಟರ್ ಸಾಲದೇ?
ಉತ್ತರ: ಸಾಲದು. ಅದು ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಮಾತ್ರ ತೋರಿಸುತ್ತದೆ. 400 ಎಂದು ತೋರಿಸುವ ನೀರಿನಲ್ಲಿ ಫ್ಲೋರೈಡ್ 0.5 ಇರಬಹುದು, 2.5 ಕೂಡ ಇರಬಹುದು.

ಪ್ರಶ್ನೆ: ವರದಿಯಲ್ಲಿ ಫ್ಲೋರೈಡ್ 1.3 ಎಂದಿದೆ. ಕುಡಿಯಬಹುದೇ?
ಉತ್ತರ: ಸ್ವೀಕಾರಾರ್ಹ ಮಿತಿ ಮೀರಿದೆ, ಪರ್ಯಾಯ ಮೂಲವಿಲ್ಲದಿದ್ದಲ್ಲಿ ಮಾತ್ರ ಒಪ್ಪಬಹುದಾದ ಮಿತಿಯೊಳಗಿದೆ. ನದಿಮೂಲದ ಅಥವಾ ಶುದ್ಧೀಕರಿಸಿದ ನೀರು ಲಭ್ಯವಿದ್ದಲ್ಲಿ ಕುಡಿಯಲು ಮತ್ತು ಅಡುಗೆಗೆ, ವಿಶೇಷವಾಗಿ ಮಕ್ಕಳಿಗೆ, ಅದನ್ನೇ ಬಳಸುವುದು.

ಪ್ರಶ್ನೆ: ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೆ ದೂರು ನೀಡಬೇಕೇ?
ಉತ್ತರ: ಲಘುವಾದ ವಾಸನೆಯು ದೋಷವಲ್ಲ. ಅಳತೆ 0.2ಕ್ಕಿಂತ ಕಡಿಮೆ ಅಥವಾ 1ಕ್ಕಿಂತ ಹೆಚ್ಚು ಇದ್ದಲ್ಲಿ ಗ್ರಾಮ ಪಂಚಾಯತಿಯ ಗಮನಕ್ಕೆ ತರುವುದು.

ಪ್ರಶ್ನೆ: ತಕ್ಕಡಿ ಇಲ್ಲದಿದ್ದಲ್ಲಿ ಚಮಚದ ಅಳತೆ ಬಳಸಬಹುದೇ?
ಉತ್ತರ: ಒಂದು ಚಮಚ ಪುಡಿಯನ್ನು ಒಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಾದರೂ ತೂಗಿಸಿ, ಅದರ ತೂಕವನ್ನು ಬರೆದಿಟ್ಟುಕೊಂಡು, ಅದೇ ಚಮಚವನ್ನು ಯಾವಾಗಲೂ ಸಮತಟ್ಟಾಗಿ ಬಳಸುವುದು. ತೂಗದ ಚಮಚವು ಅಳತೆಯಲ್ಲ.

ಮೇಲ್ಕಂಡ ಲೆಕ್ಕಗಳಲ್ಲಿ ನೀರಿನ ಪ್ರಮಾಣ, ಪುಡಿಯ ಶಕ್ತಿ ಹಾಗೂ ಉಳಿಕೆ ಕ್ಲೋರಿನ್ ಈ ಮೂರು ಅಂಕಿಗಳನ್ನು ದಿನಾಂಕ ಸಹಿತ ವಹಿಯಲ್ಲಿ ಬರೆದಿಡುವಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳಲ್ಲಿ ಕೋರಲಾಗಿದೆ. ಸದರಿ ವಹಿಯನ್ನು ನಾಗರಿಕರು ಕೇಳಿದಾಗ ತೋರಿಸುವುದರಿಂದ, ನೀರಿನ ಬಗ್ಗೆ ಬರುವ ಸಂಶಯವನ್ನು ಅಲ್ಲಿಯೇ ಪರಿಹರಿಸಲು ಅನುಕೂಲವಾಗುತ್ತದೆ.